ಮಗ್ಗದ ಶೆಡ್ಡಿನ ನೋಂಪಿ

ಸ್ನೇಹಲಳ ಅಜ್ಜಿಗೆ ಬರುತ್ತಿದ್ದ ಕಥೆಗಳಲ್ಲೆಲ್ಲ ಯಾರಾದರೊಬ್ಬಳು ನೋಂಪಿ ಹಿಡಿದೇ ಇರುತ್ತಿದ್ದಳು. ಒಬ್ಬ ಸೆಟ್ಟಿಯ ಸೊಸೆಯದು ಬಸದಿಯ ಮೆಟ್ಟಿಲು ತೊಳೆಯುವ ವ್ರತ, ನಲವತ್ತೆಂಟು ದಿನ. ನಲವತ್ತೇಳನೆಯ ದಿನ ಅವಳಿಗೆ ಬೇಸರ ಬಂತು, ಹೋಗಲಿಲ್ಲ. ಅತ್ತ ಘಟ್ಟ ಇಳಿಯುತ್ತಿದ್ದ ಗಂಡನ ಎತ್ತುಗಳು ಸಾಲಾಗಿ ಮಂಜಿನಲ್ಲಿ ಕರಗಿಹೋದವು. ಮತ್ತೆ ಒಂದರಿಂದ ಎಣಿಸಬೇಕು! ಖಾನಾಪುರದ ಮನೆಯಲ್ಲಿ ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳುತ್ತಿದ್ದ ಹುಡುಗಿಗೆ ಎತ್ತುಗಳು ಕರಗುವಾಗ ಮೈ ಜುಮ್ಮೆನ್ನುತ್ತಿತ್ತು. ಎಣಿಕೆ ಮತ್ತೆ ಶುರುವಾಗುವ ಹೊತ್ತಿಗೆ ನಿದ್ದೆ ಬಂದಿರುತ್ತಿತ್ತು.

ಅದೇ ಹುಡುಗಿ ಬೆಳಗಾವಿಯಲ್ಲಿ ಮೂರು ವರ್ಷ ಬೇರೆಯವರ ಜಿಮ್ಮಿನಲ್ಲಿ ದುಡಿದು, ಇಪ್ಪತ್ತಾರನೆಯ ವಯಸ್ಸಿಗೆ ಶಹಾಪುರದಲ್ಲಿ ಒಂದು ಶೆಡ್ಡು ಬಾಡಿಗೆಗೆ ಹಿಡಿದಳು. ಶೆಡ್ಡು ಬಾಹುಬಲಿ ಮಾಮಾನದು. ಎಂಟು ಪವರ್‌ಲೂಮ್ ಮಾರಿ ಎರಡು ವರ್ಷವಾಗಿದ್ದರೂ ನೆಲದ ಎಣ್ಣೆಯ ಕಲೆ ಹೋಗಿರಲಿಲ್ಲ. ಮೂಲೆಯಲ್ಲಿ ಹಳದಿ ನೂಲಿನ ಉಂಡೆಗಳು ಉಳಿದಿದ್ದವು. ಬೆಳಿಗ್ಗೆ ಆರಕ್ಕೆ ಹೆಂಗಸರ ಫಿಟ್‌ನೆಸ್ ಕ್ಲಾಸು. ಅಪ್ಪ ಒಂದೇ ಮಾತು ಹೇಳಿದ್ದ: "ಒಂದ್ ವರ್ಷ ನೋಡ್ತೇನಿ. ನಡೀಲಿಲ್ಲಂದ್ರ ಸುಮ್ನ ಬಂದು ಅಣ್ಣನ ಭಾಂಡೆ ಅಂಗಡ್ಯಾಗ ಕುಂದ್ರು."

ಮೊದಲ ತಿಂಗಳು ಇಪ್ಪತ್ತು ಜನ ಬಂದರು. ಎರಡನೆಯದಕ್ಕೆ ಏಳು. ಒಬ್ಬಳ ಮನೆಗೆ ನೆಂಟರು, ಒಬ್ಬಳ ಮಗನ ಪರೀಕ್ಷೆ.

"ನಮ್ಮತ್ತಿ ಏನಂದ್ಲು ಗೊತ್ತೇನ್?" ಎಂದು ಕಾಂತಾ ನಗಿಸಿದಳು. ಎದುರು ಓಣಿಯವಳು, ಬಾಯಿ ಜೋರು. "ರೊಕ್ಕಾ ಕೊಟ್ಟು ಜಿಗ್ಯಾಕ ಯಾಕ ಹೋಗ್ತಿ, ಇಲ್ಲೇ ಕುಂತು ಜ್ವಾಳಾ ಬೀಸು, ನಾ ಪುಕ್ಕಟ ಎಣಸ್ತೇನಿ ಅಂದ್ಲು!"

ಎಲ್ಲರೂ ನಕ್ಕರು. ಸ್ನೇಹಲಳಿಗೆ ಮಾತ್ರ ಅಣ್ಣನ ಅಂಗಡಿಯ ಸ್ಟೀಲು ಪಾತ್ರೆಗಳ ಸದ್ದು ಕಿವಿಯಲ್ಲೇ ಕೇಳಿದಂತಾಯಿತು. ಅಂದು ಅಜ್ಜಿಯ ಕಥೆಯ ಸೆಟ್ಟಿಯ ಸೊಸೆ ನೆನಪಾದಳು.

ಮರುದಿನ ಅವಳು ಮೂಲೆಯ ಹಳದಿ ನೂಲು ಹಿರಿದು ಒಬ್ಬೊಬ್ಬರ ಮುಂಗೈಗೂ ಕಟ್ಟಿದಳು. ನಲವತ್ತೆಂಟು ದಿನ. ಒಂದು ದಿನ ತಪ್ಪಿದರೂ ಎಲ್ಲರ ಮುಂದೆ ದಾರ ಕತ್ತರಿಸಿ ಮತ್ತೆ ಒಂದರಿಂದ. ಏನು ಮಾಯವೋ, ಕ್ಯಾಲರಿಯ ಲೆಕ್ಕಕ್ಕೆ ಬಗ್ಗದ ಹೆಂಗಸರು ದಾರಕ್ಕೆ ಬಗ್ಗಿದರು. ಏಳು ಹದಿನೈದಾಯಿತು, ಹದಿನೈದು ಇಪ್ಪತ್ತನಾಲ್ಕಾಯಿತು. ಬಾಹುಬಲಿಯ ಹೆಂಡತಿ ಜಿನಮತಿ ಕಾಕುವೂ ಐವತ್ತೇಳನೆಯ ವಯಸ್ಸಿನಲ್ಲಿ ಸೀರೆಯ ಕಚ್ಚೆ ಬಿಗಿದು ಮೊದಲ ದಿನವೇ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಮೂವತ್ತನೆಯ ದಿನ ಕಾಂತಾ ಜ್ವರದಲ್ಲಿ ಬಂದು, "ಇವತ್ತೊಂದಿನ ಕುಂದರ್ಲೇನ ಸ್ನೇಹಲ್?" ಎಂದಾಗ ಸ್ನೇಹಲ ನಗುತ್ತಲೇ ಕತ್ತರಿ ತೋರಿಸಿದ್ದಳು. ಕಾಂತಾ ಕುಣಿದಳು.

ದಿನ ಎಣಿಸುವಾಗ ಭಾದ್ರಪದದ ಜೈನ ಉಪವಾಸಗಳು ನಡುವೆ ಬರುವುದನ್ನು ಮಾತ್ರ ಸ್ನೇಹಲ ಎಣಿಸಿರಲಿಲ್ಲ.

ನಲವತ್ತಾರನೆಯ ದಿನ ಅನಂತ ಚತುರ್ದಶಿ. ಜಿನಮತಿ ಕಾಕು ಬಾಗಿಲು ದಾಟುವಾಗಲೇ ಗೋಡೆ ಹಿಡಿದಳು. ತುಟಿ ಸುಣ್ಣದಂತಿತ್ತು. ಬಸದಿಯ ನೆರಳಲ್ಲಿ ಬೆಳೆದ ಹುಡುಗಿಗೆ ಆ ತುಟಿ ಗುರುತು ಸಿಗದೆ ಇರುತ್ತದೆಯೇ?

"ಕಾಕು, ಉಪಾಸ ಏನ್ರಿ?"

"ಮೂರು ದಿನದ್ದು. ನೀರೂ ಇಲ್ಲ." ಕಾಕು ಪಿಸುಗುಟ್ಟಿದಳು. "ನಾಳೆ ಸೂರ್ಯ ಹುಟ್ಟಿದ ಮ್ಯಾಲ ಪಾರಣಿ."

"ಬಿಪಿ ಗುಳಿಗಿ?"

"ನೀರಿಲ್ದ ಗುಳಿಗಿ ಹೆಂಗ ನುಂಗಲೇ ಹುಚ್ಚಿ?" ಅವಳು ಮುಂಗೈ ಎತ್ತಿ ತೋರಿಸಿದಳು. "ಅದೂ ವ್ರತ, ಇದೂ ವ್ರತ. ಇನ್ನೆರಡಽ ದಿನ. ನಾ ಒಂದೂ ಬಿಡಾಕಿ ಅಲ್ಲ."

ಸ್ನೇಹಲ ತಿರುಗಿ ನೋಡಿದಳು. ಇಪ್ಪತ್ತಮೂರು ಜನ ಸಾಲು ನಿಂತಿದ್ದರು. ಕಾಂತಾ ಇತ್ತಲೇ ನೋಡುತ್ತಿದ್ದಳು. ಒಬ್ಬರಿಗೆ ಸಡಿಲ ಬಿಟ್ಟರೆ ದಾರ ಬರೀ ದಾರವಾಗುತ್ತದೆ. ದಾರ ಹೋದರೆ ಶೆಡ್ಡು ಹೋಗುತ್ತದೆ.

"ಮೆಲ್ಲಕ ಮಾಡ್ರಿ," ಎಂದಳು. ಎಂದು ಹಾಡು ಹಚ್ಚಿದಳು.

ಮೂರನೆಯ ಹಾಡಿಗೆ ಕಾಕು ಬಿದ್ದಳು. ಸದ್ದೇನೂ ದೊಡ್ಡದಲ್ಲ, ಒದ್ದೆ ಅರಿವೆಯ ಗಂಟು ಕೆಳಗಿಟ್ಟಷ್ಟೇ. ಬಾಯಿಯ ಒಂದು ಬದಿ ಜಾರಿತ್ತು. ಕಾಂತಾ ಓಡಿಬಂದು ತಂಬಿಗೆ ಹಿಡಿದರೆ ಕಾಕು ಉಳಿದರ್ಧ ಬಾಯಿಯನ್ನು ಬಿಗಿದಳು. ನೀರು ಗದ್ದದ ಮೇಲಿಂದ ಹರಿದು ಎಣ್ಣೆಯ ಕಲೆಯ ಮೇಲೆ ಹನಿಹನಿಯಾಗಿ ನಿಂತಿತು. ಗಣಪತಿಯ ಮಂಟಪಗಳನ್ನು ಸುತ್ತಿ ಬಳಸಿ ಆಟೋ ದವಾಖಾನೆ ಮುಟ್ಟಿತು. ಸಂಜೆ, ವಿಸರ್ಜನೆಯ ಡೋಲುಗಳು ಕಿಟಕಿಯ ಗಾಜು ನಡುಗಿಸುತ್ತಿದ್ದಾಗ, ಕಾಕು ಹೋದಳು.

"ವ್ರತದಾಗಽ ಹೋದ್ಲು, ಪುಣ್ಯವಂತಿ," ಎಂದರು ಅಂತ್ಯಕ್ರಿಯೆಗೆ ಬಂದವರು. ಸ್ನೇಹಲಳನ್ನು ಯಾರೂ ಏನೂ ಅನ್ನಲಿಲ್ಲ.

ಅವಳು ಖಾನಾಪುರದ ರೈಲು ಹತ್ತಿದಳು. ದೇಸೂರ ಸ್ಟೇಷನ್ ದಾಟುವವರೆಗೂ ಮುಂಗೈಯ ದಾರವನ್ನೇ ತಿರುವುತ್ತಿದ್ದಳು. ಮನೆಯಲ್ಲಿ ಅಜ್ಜಿಗೊಬ್ಬಳಿಗೇ ಎಲ್ಲ ಹೇಳಿದಳು. ಅಜ್ಜಿ ಜಪಮಣಿ ಕೆಳಗಿಟ್ಟಳು.

"ನೋಂಪಿ ಕೊಡೂ ಗುರು ಮೊದಲ ಮೈಯಾಗಿನ ತ್ರಾಣ ನೋಡ್ತಿದ್ದ ಮಗಾ. ಆ ಸೆಟ್ಟಿ ಸೊಸಿ ಎರಡನೇ ಸಲಾ ಬಂದಾಗ ಬಸರಿ ಇದ್ಲು. 'ನೀ ಬಿಡು, ಬಿಟ್ಟ ಪಾಪ ನನಗಿರ್ಲಿ' ಅಂದ ಗುರು. ಎತ್ತು ತಿರಿಗಿ ಬಂದಿದ್ದು ಆವಾಗ."

"ಇದನ್ನ ನನಗ ಹೇಳೇ ಇಲ್ಲ ನೀ!"

"ಪ್ರತಿ ಸಲಾ ಹೇಳೇನಿ. ಅಷ್ಟೊತ್ತಿಗೆ ನೀ ಮಲಗಿರ್ತಿದ್ದಿ."

ಹದಿನೈದು ದಿನ ಬಿಟ್ಟು ಶಹಾಪುರಕ್ಕೆ ಮರಳಿದರೆ ಶೆಡ್ಡಿನ ಮುಂದೆ ನಲವತ್ತು ಹೆಂಗಸರಿದ್ದರು. ಹೊಸ ಮುಖಗಳೇ ಹೆಚ್ಚು. ಒಳಗೆ ಗೋಡೆಯ ಮೇಲೆ ಜಿನಮತಿ ಕಾಕುವಿನ ಫೋಟೋ, ಅದಕ್ಕೆ ಹಾರದ ಜೊತೆ ಆ ಹಳದಿ ದಾರ. ಬಾಹುಬಲಿ ಮಾಮಾ ನೆಲ ಗುಡಿಸಿಟ್ಟು ಕಾಯುತ್ತಿದ್ದ.

"ಅಕಿ ಹೆಸರಲೆ ನಡಸು," ಎಂದ. "ಬಾಡಿಗಿ ಮಾತು ಬ್ಯಾಡ. ಎಲ್ಲಾರೂ ದಾರ ಕಟ್ಟಸ್ಕೋಬೇಕು ಅಂತ ಬಂದಾರ ನೋಡು."

ಸುಮ್ಮನಿದ್ದರೆ ಸಾಕಿತ್ತು. ಅವಳು ಕನಸು ಕಂಡದ್ದಕ್ಕಿಂತ ದೊಡ್ಡ ಕ್ಲಾಸು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿತ್ತು.

"ಮಾಮಾ, ನನಗ ಗೊತ್ತಿತ್ರಿ," ಎಂದಳು ಸ್ನೇಹಲ. "ಉಪಾಸ ಅಂತ, ಗುಳಿಗಿ ತಗೊಂಡಿಲ್ಲ ಅಂತ. ಕೇಳಿ, ಗೊತ್ತಿದ್ದಽ ಕುಣಿಸಿದೆ. ಕುಂದರ್ಸಿದ್ರ ಮಂದಿ ಹೋಗ್ತಾರ ಅಂತ."

ಪಕ್ಕದ ಶೆಡ್ಡಿನಲ್ಲಿ ಇನ್ನೂ ಉಳಿದಿದ್ದ ಮಗ್ಗವೊಂದು ಖಟಖಟ ಓಡುತ್ತಿತ್ತು. ಬಾಹುಬಲಿ ಕಸಬರಿಗೆಯನ್ನು ಗೋಡೆಗೆ ಆನಿಸಿ ಇಟ್ಟ. ಅದು ಜಾರಿತು. ಮತ್ತೆ ಆನಿಸಿದ.

"ನೀರು ಕುಡಿ ಅಂದಿದ್ರ ಅಕಿ ಕುಡೀತಿದ್ದಿಲ್ಲ," ಎಂದ ಕೊನೆಗೆ. "ನಲವತ್ತು ವರ್ಷ ನೋಡೇನಿ. ಆದ್ರ ನೀ 'ಮನಿಗೆ ಹೋಗು' ಅಂದಿದ್ರ ಹೋಗ್ತಿದ್ಲು. ನಿನ್ನ ಮಾತು ಕೇಳ್ತಿದ್ಲು ಅಕಿ."

ಹೊರಗೆ ಕಾಂತಾ ಹೊಸಬರನ್ನು ಸಾಲು ನಿಲ್ಲಿಸುತ್ತಿದ್ದಳು. "ಸರೀರಿ, ಬಾಜೂಕ್ ಸರೀರಿ, ಕೈ ಚಾಚಿದ್ರ ಒಬ್ಬರಿಗೊಬ್ಬರು ತಾಗಬಾರದು!"

"ಕೀಲಿ ಕಿಡಕ್ಯಾಗ ಇಟ್ಟು ಹೋಗವಾ," ಎಂದು ಬಾಹುಬಲಿ ಫೋಟೋದ ಕಡೆ ತಿರುಗಿ ನಿಂತ. "ಇನ್ನ ಕ್ಲಾಸ್ ಇಲ್ಲಂತ ಅವ್ರಿಗೆ ನಾ ಹೇಳ್ತೇನಿ."