ಚಿಂಪಾಂಜಿ ಮರಿಯ ಕೋಲು

ಹಳೇ ಕಾಲದ ಚಿತ್ರಕಾರರ ಮೇಲೆ ನನಗೆ ಮೊದಲಿಂದಲೂ ಸಿಟ್ಟು. ತುಮಕೂರಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು ನಾನು. ಪ್ರತಿವರ್ಷ ತರಗತಿಯಲ್ಲಿ ಒಂದು ಚಿತ್ರ ತೋರಿಸುತ್ತೇನೆ. ಮುನ್ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಅಚ್ಚಾದ ಚಿಂಪಾಂಜಿ ಅದು. ಮನುಷ್ಯರ ಹಾಗೆ ನೆಟ್ಟಗೆ ನಿಂತಿದೆ, ಕೈಯಲ್ಲಿ ಕೋಲು.

"ಹಡಗಲ್ಲಿ ತಂದದ್ದು ಕಾಯಿಲೆ ಮರಿ. ಅದಕ್ಕೆ ನಿಲ್ಲೋ ತ್ರಾಣ ಇರ್ಲಿಲ್ಲ. ಈ ಮಹಾನುಭಾವ ಅದನ್ನ ಎತ್ತಿ ನಿಲ್ಸಿ, ಬೀಳದೇ ಇರ್ಲಿ ಅಂತ ಕೋಲು ಕೊಟ್ಟ. ಕಂಡಿದ್ದನ್ನ ಕಂಡ ಹಾಗೆ ಬರೆಯೋಕೆ ಏನು ರೋಗ?" ಅನ್ನುತ್ತೇನೆ. ಹುಡುಗರು ನಗುತ್ತಾರೆ.

ನನ್ನ ಮಗ ಶಮಂತ್ ಹುಟ್ಟಿದಾಗಿನಿಂದ ನಿಂತವನಲ್ಲ. ಸೊಂಟದ ಕೆಳಗೆ ಬಲವಿರಲಿಲ್ಲ, ಎಡಪಾದ ಒಳಕ್ಕೆ ತಿರುಗಿತ್ತು. ಹೋದ ಆಷಾಢದಲ್ಲಿ ನ್ಯುಮೋನಿಯಾ ಬಂದು ಹೋಗಿಬಿಟ್ಟ. ಐದು ತುಂಬಿರಲಿಲ್ಲ. ಆಮೇಲೆ ನಾನೂ ನನ್ನ ಗಂಡ ವಾದಿರಾಜರೂ ಮಾತಾಡಿದ್ದೇ ಕಡಿಮೆ.

ಮೊನ್ನೆ ಅವರು ಗುಬ್ಬಿಯಿಂದ ಒಂದು ಫ್ರೇಮ್ ತಂದು ಗೋಡೆಗೆ ಒರಗಿಸಿದರು. ಅಲ್ಲಿ ಮುಖ್ತಾರ್ ಅಹಮದ್ ಅಂತ ಒಬ್ಬರು ತೀರಿಹೋದವರ ಚಿತ್ರ ಬರೆದುಕೊಡುತ್ತಾರೆ. ಹೆಣದ ಫೋಟೊ ಒಂದೇ ಇದ್ದರೂ ಸರಿ, ಮುಚ್ಚಿದ ಕಣ್ಣು ತೆರೆಸುತ್ತಾರೆ, ಮೂಗಿನ ಹತ್ತಿ ತೆಗೆದು ಹೆಗಲಿಗೆ ಶಲ್ಯ ಹಾಕುತ್ತಾರೆ. ಸುತ್ತಮುತ್ತಲ ಎಷ್ಟೋ ಮನೆಗಳ ಗೋಡೆ ಮೇಲೆ ಹಾರ ಹಾಕಿಸಿಕೊಂಡಿರುವವರೆಲ್ಲ ಅವರ ಕೈಯಲ್ಲಿ ಕಣ್ಣು ಬಿಟ್ಟವರೇ.

ಫ್ರೇಮಿನಲ್ಲಿ ಶಮಂತ್ ನಿಂತಿದ್ದ. ನಮ್ಮತ್ತೆಯ ಊರು ಕುಣಿಗಲ್ಲಿನ ದೊಡ್ಡಕೆರೆ ಏರಿ ಮೇಲೆ, ಎನ್‌ಸಿಸಿ ಹುಡುಗರ ಹಾಗೆ ಎರಡೂ ಪಾದ ನೆಟ್ಟಗಿಟ್ಟು.

"ಯಾರ್ರೀ ಇದು?" ಅಂದೆ. "ಇಷ್ಟು ದೊಡ್ಡ ಸುಳ್ಳು ಯಾಕೆ ಬೇಕಿತ್ತು ನಿಮಗೆ?"

"ಎಲ್ಲಾ ಫೋಟೋದಲ್ಲೂ ಮಲ್ಗೇ ಇದಾನೆ ಕಣೇ," ಅಂದರು. "ಏರಿ ಮೇಲೆ ಎತ್ಕೊಂಡು ಹೋದಾಗ 'ನನ್ನ ನಿಲ್ಸಪ್ಪಾ' ಅಂದಿದ್ದ. ಇನ್ನೊಂದಿನ ನಿಲ್ಲಿಸ್ತೀನಿ ಕಣೋ ಅಂದಿದ್ದೆ." ಅಷ್ಟು ಹೇಳಿ ಮುಖ ಮುಚ್ಚಿಕೊಂಡರು.

ಆದರೂ ಆ ಎಡಪಾದವನ್ನು ನೋಡಿ ಸಹಿಸಲಾಗಲಿಲ್ಲ. ದಿನಾ ಎಣ್ಣೆ ತಿಕ್ಕಿದ ಪಾದ ನನಗೆ ಗೊತ್ತಿಲ್ಲವೇ? ನಿದ್ದೆಯಲ್ಲಿ ಅದನ್ನು ನನ್ನ ಹೊಟ್ಟೆಗೆ ಒತ್ತಿಕೊಂಡೇ ಮಲಗುತ್ತಿದ್ದ. ಚಿತ್ರದಲ್ಲಿದ್ದದ್ದು ಯಾರದೋ ಮಗುವಿನ ಪಾದ. ಮಗ ಹೋದ, ಈಗ ಪಾದವೂ ಹೋಯಿತು ಅಂತ ಸಂಕಟವಾಯಿತು. ಫ್ರೇಮನ್ನು ಹಳೇ ಸೀರೆಯಲ್ಲಿ ಸುತ್ತಿಕೊಂಡು ಮರುದಿನ ನಾನೇ ಗುಬ್ಬಿ ಬಸ್ಸು ಹತ್ತಿದೆ.

"ಎಡಪಾದ ಇದ್ದ ಹಾಗೇ ಬರೀರಿ ಸಾಹೇಬ್ರೆ," ಅಂತ ಮೊಬೈಲಿನ ಫೋಟೊ ತೋರಿಸಿದೆ.

ಮುಖ್ತಾರ್ ಅಹಮದ್ ಕನ್ನಡಕ ಮೇಲೇರಿಸಿ ಬಹಳ ಹೊತ್ತು ನೋಡಿದರು. "ಬರೀತೀನಮ್ಮ. ಆದ್ರೆ ಈ ಪಾದದಲ್ಲಿ ಮಗು ನಿಲ್ಲಲ್ಲ. ನೋಡಿದೋರಿಗೆ ಈಗ ಬಿದ್ದೋಗುತ್ತೆ ಅನ್ಸುತ್ತೆ. ಮಲಗಿಸಿಬಿಡ್ಲಾ?"

ವಾದಿರಾಜರು ಮುಖ ಮುಚ್ಚಿಕೊಂಡು ಕೂತಿದ್ದು ಕಣ್ಣ ಮುಂದೆ ಬಂತು.

"ಬೇಡ, ನಿಂತೇ ಇರ್ಲಿ," ಅಂದೆ. "ಬೀಳದ ಹಾಗೆ ಕೈಗೊಂದು ಕೋಲು ಕೊಡಿ."