ಮೀಟರಿಗಿಟ್ಟ ಬೊಟ್ಟು

ಗುಂಡ್ಲುಪೇಟೆಯಾಚೆಯ, ಚೆಂಡುಹೂವಿನಿಂದ ಬಣ್ಣ ತೆಗೆಯುವ ಕಾರ್ಖಾನೆಯ ಸೂಪರ್‌ವೈಸರ್ ಸೋಮಶೇಖರನಿಗೆ ಆ ವರ್ಷ ಹತ್ತಿದ್ದ ಜಂಬವನ್ನು ಏನೆಂದು ಹೇಳುವುದು! ಜೇಬಿಗೆ ಸಿಕ್ಕಿಸಿಕೊಳ್ಳುವ ಗ್ಯಾಸ್ ಮೀಟರೊಂದನ್ನು ಮಾಲೀಕರು ಅವನ ಕೈಗೆ ಕೊಟ್ಟಿದ್ದರು. ಹೂವು ಕೊಳೆಸುವ ಗುಂಡಿಗಳ ನೀರು ಬಂದು ಬೀಳುವ ತೊಟ್ಟಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ವಿಷಗಾಳಿ ಹುಟ್ಟುತ್ತದೆ. ಅದು ಇಷ್ಟೇ ಇಷ್ಟು ಇದ್ದರೂ ಮೀಟರ್ ಕಿರ್ರೆಂದು ಕೂಗಬೇಕು. ಅದಕ್ಕಾಗಿ ಮೈಸೂರಿಗೆ ಹೋಗಿ ಟ್ರೈನಿಂಗ್ ಮಾಡಿಕೊಂಡು ಬಂದವನು ಅವನೊಬ್ಬನೇ. ಸಂತೆಮರಹಳ್ಳಿಯ ಭಾವನ ಮನೆಗೂ ಅದನ್ನು ಸಿಕ್ಕಿಸಿಕೊಂಡೇ ಹೋಗಿಬಂದ ಪುಣ್ಯಾತ್ಮ.

ಆಯುಧಪೂಜೆ ಬಂತು. ಬಾಯ್ಲರಿಗೆ, ಲಾರಿಗೆ, ತಕ್ಕಡಿಗೆ ಪೂಜೆ ಆಗುವಾಗ ಮೀಟರನ್ನು ಬಿಡಲಾದೀತೆ? ಸೋಮಶೇಖರ ತಾನೇ ಅದರ ನೆತ್ತಿಗೆ ಮೂರು ಬೆರಳು ವಿಭೂತಿ ಎಳೆದ. ಕೆಳಗೊಂದು ಗುಂಡನೆಯ ಕಿಂಡಿಯಿತ್ತು, ಬೊಟ್ಟಿಡಲೆಂದೇ ಮಾಡಿದ ಹಾಗೆ. ಗಂಧದಲ್ಲಿ ಕಲಸಿದ ಕುಂಕುಮವನ್ನು ಅಲ್ಲಿಗೆ ಒತ್ತಿ, ಕರ್ಪೂರ ಬೆಳಗಿ, ಕಣ್ಣು ಮುಚ್ಚಿ ಕೈಮುಗಿದ. ಗಾಳಿ ಒಳಗೆ ಹೋಗುವ ದಾರಿ ಅದೊಂದೇ ಎಂದು ಟ್ರೈನಿಂಗಿನಲ್ಲಿ ಬಡಕೊಂಡಿದ್ದರು. ಆಗ ನೆನಪಾಗಬೇಕಲ್ಲ! ಪೂಜೆಯ ಬೊಟ್ಟನ್ನು ಒರೆಸುವ ಪದ್ಧತಿಯೂ ನಮ್ಮಲ್ಲಿಲ್ಲ, ಅದು ತಾನಾಗಿ ಉದುರಬೇಕು.

ಹಬ್ಬ ಕಳೆದು ಕೆಲಸ ಶುರುವಾದ ಬೆಳಿಗ್ಗೆ ತೊಟ್ಟಿಯ ಹೂಳು ತೆಗೆಯಬೇಕಿತ್ತು. ಅದಕ್ಕೆ ಇಳಿಯುತ್ತಿದ್ದವನು ಪುಟ್ಟಮಾದು. ಸೊಂಟಕ್ಕೆ ಹಗ್ಗ ಬಿಗಿದುಕೊಂಡವನು ಅಂಚಿನಲ್ಲೇ ನಿಂತುಬಿಟ್ಟ.

"ಯಾಕೋ ವಾಸ್ನೆ ಒಡೀತದೆ ಬುದ್ದಿ. ವಸಿ ಒತ್ತು ಬುಟ್ಟು ಇಳೀಲಾ?"

ಸೋಮಶೇಖರ ದಾರ ಕಟ್ಟಿ ಮೀಟರನ್ನು ಒಳಗೆ ಇಳಿಬಿಟ್ಟು, ಮೇಲೆತ್ತಿ ತೋರಿಸಿದ. "ನೋಡ್ಲಾ, ಸೊನ್ನೆ! ನಿನ್ ಮೂಗು ದೊಡ್ದಾ, ಮಿಷಿನ್ ದೊಡ್ದಾ? ಅಬ್ಬದ ಬಾಡು ತಿಂದು ಮೈ ಬಗ್ತಾ ಇಲ್ಲ ಅನ್ನು. ಇಳಿಯೋ ಸುಮ್ನೆ!"

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಪುಟ್ಟಮಾದುವೂ ನಕ್ಕು ಏಣಿ ಇಳಿದ.

ತಳ ಮುಟ್ಟುವಷ್ಟರಲ್ಲಿ ಕುಸಿದುಬಿದ್ದ.

"ಎಳೀರ್ಲಾ! ಎಳೀರ್ಲಾ!" ಎಲ್ಲರ ಜೀವ ಬಾಯಿಗೆ ಬಂದಿತ್ತು. ಮೇಲೆ ಬಂದವನ ಬಾಯಲ್ಲಿ ನೊರೆ. ಜೀಪಿಗೆ ಹಾಕಿ ಆಸ್ಪತ್ರೆಗೆ ಓಡಿಸಿದರು.

ಸೋಮಶೇಖರ ಕೈಯಲ್ಲಿದ್ದ ಮೀಟರನ್ನು ನೋಡಿದ. ಇನ್ನೂ ಸೊನ್ನೆ. ಕೆಳಗೆ ಕೆಂಪು ಬೊಟ್ಟು. ಉಗುರಿನಿಂದ ಕೆರೆದು ತೊಟ್ಟಿಯ ಮೇಲೆ ಹಿಡಿದದ್ದೇ ತಡ, ಕಿರ್ರೋ ಎಂದು ಕೂಗಿಕೊಂಡಿತು.

ಹಗ್ಗ ಎಳೆದಿದ್ದ ಚಿಕ್ಕಣ್ಣ ಕ್ಯಾಕರಿಸಿ ಉಗಿದ. "ಥೂ, ದರಿದ್ರದ್ದೇ! ಈಗ ಬಡ್ಕೋತದೆ ನೋಡು. ಕೆಟ್ಟೋಗಿರೋ ಮಿಷಿನ್ನ ಕೊಟ್ಬುಟ್ಟವ್ರೆ ಸಾ ನಿಮ್ಗೆ."

ಎಲ್ಲರೂ ಹೌದೌದು ಎಂದರು. ಸೋಮಶೇಖರ ಕೆಂಪಾದ ಬೆರಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಅವನಿಗೆ ನಾಚಿಕೆಯಾಯಿತು.

ಸಂಜೆ ಚಾಮರಾಜನಗರದ ಆಸ್ಪತ್ರೆಗೆ ಹೋದ. ಪುಟ್ಟಮಾದುವಿಗೆ ಪ್ರಜ್ಞೆ ಬಂದಿತ್ತು, ಜೀವಕ್ಕೆ ಭಯವಿಲ್ಲ ಎಂದಿದ್ದರು. ಅವನ ಹೆಂಡತಿ ಬಸವಮ್ಮ ದಡಕ್ಕನೆ ಎದ್ದು ಸ್ಟೂಲನ್ನು ಸೆರಗಿನಿಂದ ಒರೆಸಿದಳು. "ಕೂತ್ಕಳಿ ಬುದ್ದಿ. ಆಳಾದ್ ಮಿಷಿನ್ನು ಮೋಸ ಮಾಡುದ್ರೆ ನೀವಾರ ಏನ್ ಮಾಡೀರಿ?"

ಕೂರುವುದೆಲ್ಲಿಂದ ಬಂತು! ನಿಂತ ನೆಲ ಬಾಯಿಬಿಡಬಾರದೇ ಎನ್ನಿಸಿತು ಅವನಿಗೆ.

"ಮಿಷಿನ್ ತಪ್ಪಲ್ಲ ಕಣಮ್ಮ," ಎಂದುಬಿಟ್ಟ. "ಪೂಜೆಲಿ ನಾನೇ ಕುಂಕುಮ ಮೆತ್ತಿ ಅದ್ರ ಕಿಂಡಿ ಮುಚ್ಬುಟ್ಟಿದ್ದೆ. ಗೊತ್ತಿಲ್ದೆ ಆಗೋಯ್ತು ಕಣ್ಲಾ ಮಾದು."

ಹೇಳಿದ ಮೇಲೆ ಎದೆ ಸ್ವಲ್ಪ ಹಗುರಾಯಿತು. ಗೊತ್ತಿಲ್ಲದೆ ಮಾಡಿದ ತಪ್ಪನ್ನು ಯಾರಾದರೂ ಕ್ಷಮಿಸಿಯಾರು.

ಬಸವಮ್ಮ ಗಂಡನ ಮುಖ ನೋಡಿದಳು. ಪುಟ್ಟಮಾದುವಿನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

"ನಿಮ್ಗೆ ಗೊತ್ತಿರ್ನಿಲ್ಲ, ಬುಡಿ ಬುದ್ದಿ. ನಂಗೆ ಗೊತ್ತಿತ್ತು. ಆ ವಾಸ್ನೆ ಬಂದಾಗ ಇಳೀಬಾರ್ದು ಅಂತ ಗೊತ್ತಿತ್ತು. ಎಲ್ರೂ ನಗಾಡ್ಬುಟ್ರಲ್ಲ, ಅದ್ಕೇ ಇಳುದ್ಬುಟ್ಟೆ."

ಸೋಮಶೇಖರ ತಲೆ ತಗ್ಗಿಸಿದ. ಅವರನ್ನೆಲ್ಲ ನಗಿಸಿದವನು ತಾನೇ.