ಎಸಳಿನ ಬೆನ್ನು

ಬಲಗಡೆಯ ಎಸಳಿನ ತುದಿಗೆ ಒಂದು ಹನಿ ನೀರು ಇಳಿದು ಬಂದು ನಿಂತಿದೆ, ಬೀಳುವುದೂ ಇಲ್ಲ ಒಣಗುವುದೂ ಇಲ್ಲ, ಹೊನ್ನು ಅದನ್ನೇ ನೋಡುತ್ತ ಕೂತು ಕೂತು ಈಗ ಹನಿ ಎರಡಾಗಿ ಕಾಣುತ್ತಿದೆ, ಅಮ್ಮನವರ ಕರೀ ಕಲ್ಲಿನ ಬಲ ಭುಜಕ್ಕೊಂದು ದಾಸವಾಳದ ಎಸಳು, ಎಡ ಭುಜಕ್ಕೊಂದು, ಪುಂಡಲೀಕ ಗಂಧ ಹಚ್ಚಿ ಅಂಟಿಸಿ ಅರ್ಧ ತಾಸಾಯಿತು, ಬಲದ್ದು ಮೊದಲು ಬಿದ್ದರೆ ಮಗಳು ಚಂಪಾ ಹುಬ್ಬಳ್ಳಿಗೆ ಹೋಗಿ ಆಪರೇಶನ್ ಮಾಡಿಸಿಕೊಳ್ಳುತ್ತಾಳೆ, ಎಡದ್ದು ಬಿದ್ದರೆ ಇಲ್ಲ, ಅಷ್ಟೇ — ಎದೆಯಲ್ಲಿ ಅಡಿಕೆ ಗಾತ್ರದ ಗಂಟು, ಕಾರವಾರದ ಡಾಕ್ಟರಮ್ಮ ಕಾಗದ ಮುಂದಿಟ್ಟು ತಿಂಗಳೊಳಗೆ ತೆಗೆಸಿ, ಈಗಾದರೆ ವಾಸಿಯಾಗ್ತದೆ, ತಡ ಮಾಡಿ ಆಮೇಲೆ ನನ್ನ ಹತ್ರ ಬಂದು ಅಳಬೇಡಿ ಎಂದು ಹೇಳಿ ಹದಿನೆಂಟು ದಿನ, ಹೊನ್ನುವಿಗೆ ಆ ಮಾತು ಅಲ್ಲೇ ಸಾಕಾಗಿತ್ತು, ಅಂಕೋಲೆಗೆ ಬರುವ ಬಸ್ಸಿನಲ್ಲೇ ಚೀಲ ಯಾವುದು, ಸೀರೆ ಯಾವುದು ಎಂದು ಲೆಕ್ಕ ಹಾಕುತ್ತಿದ್ದಳು, ಮಗಳು ಮಾತ್ರ ಕಿಟಕಿಗೆ ತಲೆ ಕೊಟ್ಟು ಕೂತು ಒಂದೇ ಮಾತು, ಅವ್ವಾ, ಅಮ್ಮನೋರು ಹೂಂ ಅಂದ್ರೆ ಹೋಗ್ತೆ, ಇಲ್ಲ ಅಂದ್ರೆ ನನ್ನ ಎಳ್ಕಂಡು ಹೋದ್ರೂ ಆ ಮೇಜಿನ ಮೇಲೆ ಮಲಗೂದಿಲ್ಲ. ಮಗಳ ಹಟ ತಾಯಿಗೆ ಗೊತ್ತು, ಅದು ತನ್ನದೇ ಹಟ, ಬೇರೆ ಮನೆಯಿಂದ ತಂದದ್ದಲ್ಲ.

ಇವತ್ತು ಬೆಳಿಗ್ಗೆ ಮಗಳಿಗಿಂತ ಮೊದಲೇ ಗುಡಿಗೆ ಬಂದಳು. ಪುಂಡಲೀಕ ಗಂಧ ತೇಯುತ್ತಿದ್ದ, ಗಂಡನ ತಮ್ಮ, ಗಂಡ ಹೋದ ಮೇಲೆ ಈ ಗುಡಿಯ ಗುನಗನ ಕೆಲಸ ಅವನಿಗೆ ಬಂತು, ಪೂಜೆ ಅವನದೇ, ಪ್ರಸಾದ ಕೇಳಿಸುವುದೂ ಅವನೇ, ಕೈ ಶುದ್ಧ, ಮಾತು ಕಮ್ಮಿ, ಹಣೆಯ ಮೇಲೇರಿಸಿದ ಕನ್ನಡಕವನ್ನು ಊರೆಲ್ಲ ಹುಡುಕುವ ಪೈಕಿ. ಹೊನ್ನು ಕಂಬಕ್ಕೆ ಒರಗಿ ನಿಂತು ಹೇಳಿದಳು, ಪುಂಡಲೀಕಾ, ಬಲದ ಎಸಳಿಗೆ ಗಂಧ ಹಚ್ಚಬೇಡ, ಬರೀ ನೀರಲ್ಲಿ ಅಂಟ್ಸು, ನಿಮ್ಮಣ್ಣ ಹಂಗೇ ಮಾಡ್ತಿದ್ದ. ತೇಯುವ ಕೈ ನಿಂತಿತು. ಅಣ್ಣ ಹಂಗೆಲ್ಲ ಮಾಡೂ ಮನ್ಶ ಅಲ್ಲ ಅತ್ತಿಗೆ, ಎಂದ, ಸಿಟ್ಟಿನಿಂದಲ್ಲ, ಚಿಕ್ಕ ಮಕ್ಕಳು ಏನೋ ಒದರಿದರೆ ಹೇಳುವ ಹಾಗೆ. ಮತ್ತೆ ತೇಯತೊಡಗಿದ. ಮೂವತ್ತು ವರ್ಷ ಬಾಯಿಬಿಡದ ಗುಟ್ಟನ್ನು ಬಿಟ್ಟುಕೊಟ್ಟರೂ ಯಾರೂ ತಗೊಳ್ಳದಿದ್ದರೆ ಏನು ಮಾಡುವುದು.

ಗಂಡ ದೇವನೇ ಹೇಳಿದ್ದು, ಮದುವೆಯಾದ ಹೊಸತರಲ್ಲಿ, ಗದ್ದೆಯ ಬದುವಿನ ಮೇಲೆ ಕೂತು ಎಲೆ ಹಾಕುತ್ತ, ಗಂಧ ದಪ್ಪಾದ್ರೆ ನಿಲ್ತದೆ, ನೀರಾದ್ರೆ ಬೀಳ್ತದೆ, ಇದ್ರಾಗೆ ಮತ್ತೆಂತದೂ ಇಲ್ಲ. ಅವಳು ದಂಗಾಗಿ, ಹಂಗಾದ್ರೆ ಅಮ್ಮನೋರು? ಅಮ್ಮನೋರು ಇದಾರೆ ಮಾರಾಯ್ತಿ, ಎಸಳಿನ ಕೆಲ್ಸ ಮಾತ್ರ ನನಗೆ ಬಿಟ್ಟಿದಾರೆ, ಎಂದು ನಕ್ಕಿದ್ದ. ಕುಡುಕನಿಗೆ ಹುಡುಗಿ ಕೊಡಲಾ ಎಂದು ಕೇಳಿಕೊಂಡು ಬಂದವರಿಗೆ ಎಡದ್ದು ಬೀಳುತ್ತಿತ್ತು, ಬಾವಿ ತೋಡಲಾ ಎಂದವರಿಗೆ ಬಲದ್ದು, ಜನ ಧೈರ್ಯ ಹೊತ್ತು ಮನೆಗೆ ಹೋಗುತ್ತಿದ್ದರು, ಹೋದವರ ಬದುಕೂ ಬಹಳ ಮಟ್ಟಿಗೆ ಸರಿಯೇ ಆಗುತ್ತಿತ್ತು, ಅದು ಬೇರೆ ಮಾತು. ಅಂದಿನಿಂದ ಹೊನ್ನು ಕೈಮುಗಿಯುವುದನ್ನು ಬಿಟ್ಟಿಲ್ಲ, ಆದರೆ ಕೈಮುಗಿದಾಗೆಲ್ಲ ಅಡಿಗೆಮನೆಯ ಒಳಗಡೆ ನೋಡಿಬಂದವಳ ಹಾಗೆ, ಊಟ ರುಚಿಯಾಗಿದೆ ಎಂದು ಹೊರಗೆ ಕೂತವರು ಹೊಗಳಿದರೆ ಹೂಂಗುಟ್ಟಿ ಸುಮ್ಮನಿರುವವಳ ಹಾಗೆ — ಪುಣ್ಯಾತ್ಮ, ಹೇಳದೆ ಇದ್ದಿದ್ದರೆ ನಿನಗೇನು ಕಡಿಮೆಯಾಗುತ್ತಿತ್ತು.

ರೈಲು ಬಂತು. ಗುಡ್ಡದ ಮಗ್ಗುಲಲ್ಲಿ ಹಾದುಹೋಗುವಾಗ ಗುಡಿಯ ನೆಲ ಸಣ್ಣಗೆ ಅದುರುತ್ತದೆ, ತೂಗುದೀಪ ಅಲ್ಲಾಡುತ್ತದೆ, ಎಷ್ಟೋ ಜನರ ಪ್ರಸಾದ ರೈಲು ಹೋದ ಗಳಿಗೆಯಲ್ಲೇ ಆದದ್ದನ್ನು ಅವಳು ಕಂಡಿದ್ದಾಳೆ, ಹೊನ್ನು ಉಸಿರು ಹಿಡಿದಳು. ಹನಿ ಬಿತ್ತು. ಎಸಳು ಎರಡೂ ಹಾಗೇ ಇವೆ. ಎರಡಕ್ಕೂ ಸಮ ಹಚ್ಚಿದ್ದಾನೆ ಪ್ರಾಮಾಣಿಕ, ಸಮ ಹಚ್ಚಿದರೆ ಯಾವುದು ಬೀಳುತ್ತದೆಂದು ದೇವನೂ ಹೇಳಿಕೊಟ್ಟಿಲ್ಲ, ಚಂಪಾ ಕಣ್ಣು ಮುಚ್ಚಿ ಕೂತಿದ್ದಾಳೆ, ಗಲ್ಲದ ಮೂಳೆ ಎದ್ದಿದೆ, ಹೊರಗೆ ಅಳಿಯ ಸುನಿಲ ಬೈತಖೋಲ ಬಂದರಿನ ಲೋಡಿಂಗ್ ಕೆಲಸಕ್ಕೆ ರಜೆ ಹಾಕಿ ಬಂದು ಬೈಕಿನ ಮೇಲೆ ಕೂತಿದ್ದಾನೆ, ಒಳಗೆ ಬರುವ ಧೈರ್ಯವಿಲ್ಲ.

ಮೂರು ವರ್ಷದ ಹಿಂದೆ ದೇವನಿಗೂ ಎದೆಯೇ, ನಡೆದರೆ ಏದುಸಿರು, ಎಡ ಭುಜಕ್ಕೆ ನೋವು, ಕಾರವಾರಕ್ಕೆ ಹೋಗುವಾ ಎಂದು ಅವಳು ಗೋಗರೆದರೆ, ತಡಿಯೇ ಒಂದ್ಸಲ ಕೇಳ್ತೆ. ತಾನೇ ಗಂಧ ತೇಯ್ದು, ತಾನೇ ಎಸಳು ಅಂಟಿಸಿ, ತೀರ್ಥದಲ್ಲೇ ವಾಸಿಯಾಗುವುದಾದರೆ ಬಲ ಕೊಡು ತಾಯಿ ಎಂದು ತಾನೇ ಕೇಳಿಕೊಂಡು, ಬಿದ್ದ ಎಸಳನ್ನು ಎಲೆಯಲ್ಲಿ ಇಟ್ಟುಕೊಂಡು ಮನೆಗೆ ಬಂದ, ಮುಖದಲ್ಲಿ ಬೆಳಕೋ ಬೆಳಕು, ಅಮ್ಮನೋರು ಬಲ ಕೊಟ್ರು. ದೇವರ ಗೂಡಲ್ಲಿಡು ಎಂದು ಕೊಟ್ಟ. ಅವಳು ಒಳಗೆ ಹೋಗಿ ಎಸಳು ಮಗುಚಿ ನೋಡಿದಳು. ಬೆನ್ನಿಗೆ ಗಂಧದ ಗುರುತೂ ಇಲ್ಲ, ಬರೀ ನೀರು. ಗೊತ್ತಿದ್ದವನೇ ನಂಬಿ ಕೂತಿದ್ದ, ತನ್ನ ಹೆಬ್ಬೆರಳು ಮಾಡಿದ್ದನ್ನು ಅವನ ಕಣ್ಣೇ ನೋಡಲಿಲ್ಲವೋ, ನೋಡಿಯೂ ಅಮ್ಮನವರ ಕೆಲಸ ಅಂದುಕೊಂಡನೋ. ನಂಬದ ತಾನು ಅವನ ಎದುರಿಗೆ ಹೋಗಿ, ಇಲ್ಲಿ ನೋಡಿ, ಎನ್ನಬಹುದಿತ್ತು. ಗಂಜಿ ಬಡಿಸಿದಳು. ಒಣಬಂಗಡೆ ಸುಟ್ಟು ಕೊಟ್ಟಳು. ಆ ನಗುವ ಮುಖಕ್ಕೆ ಹೇಳಲು ಬಾಯಿ ಬರಲಿಲ್ಲ, ಹನ್ನೊಂದನೆಯ ದಿನ ಗದ್ದೆಯಲ್ಲೇ ಬಿದ್ದ, ಊರವರು ಅವನನ್ನು ಹೊತ್ತು ತಂದದ್ದಕ್ಕಿಂತ ಆ ಎಸಳಿನ ಬೆನ್ನೇ ಅವಳ ಕಣ್ಣೆದುರು ಹೆಚ್ಚು ಬರುತ್ತದೆ, ಕೆಂಪಗೆ, ನುಣ್ಣಗೆ, ಏನೂ ಹತ್ತದ್ದು.

ಇವತ್ತು ಸುಮ್ಮನಿರುವುದಿಲ್ಲ. ಎಡದ್ದು ಬಿದ್ದರೆ ಎದ್ದು ನಿಂತು ಹೇಳಿಬಿಡುತ್ತಾಳೆ, ಮಗಾ ಇದೆಲ್ಲ ಗಂಧದ ಆಟ, ನಿನ್ನ ಅಪ್ಪನೇ ಹೇಳಿದ್ದು, ಏಳು ಹೋಗುವಾ — ಪುಂಡಲೀಕ ಕೇಳಲಿ, ಸತ್ತವನ ಹೆಸರು ಕೆಟ್ಟರೆ ಕೆಡಲಿ, ಮಗಳು ಬದುಕಲಿ, ಬದುಕಿದವಳು ಆಮೇಲೆ ಬೇಕಾದ್ದನ್ನು ನಂಬಿಕೊಳ್ಳಲಿ — ಮಾತನ್ನು ಬಾಯಲ್ಲಿ ಜೋಡಿಸಿಕೊಳ್ಳುತ್ತಿರುವಾಗಲೇ ಎಡದ ಎಸಳಿನ ಅಂಚು ಸುರುಳಿ ಎದ್ದಿತು. ಕಂಡಳು. ಕಲ್ಲಿಂದ ಒಂದು ಕೂದಲಿನಷ್ಟು ಬಿಟ್ಟಿದೆ. ಜೋಡಿಸಿದ್ದೆಲ್ಲ ಎಲ್ಲಿ ಹೋಯಿತೋ, ಬಾಯಲ್ಲಿ ಉಳಿದದ್ದು ಬೇರೆಯೇ, ಬೇಡ ತಾಯಿ, ಬಲ ಕೊಡು, ನನ್ನ ಹತ್ತಿರ ಏನೂ ಇಲ್ಲ, ಬಲ ಕೊಡು — ಯಾರನ್ನು ಕೇಳುತ್ತಿದ್ದೇನೆ ಎಂದು ನೋಡಿಕೊಳ್ಳಲೂ ಹೊತ್ತಿರಲಿಲ್ಲ, ಬಲದ ಎಸಳು ಕಲ್ಲಿನ ಮೇಲೆ ಜಾರಿ, ತಡೆದು, ಬಿತ್ತು.

ಬಲ ಆಯ್ತು, ಎಂದ ಪುಂಡಲೀಕ. ಬಾಳೆಲೆಯ ತುಂಡಿನ ಮೇಲೆ ಎಸಳನ್ನಿಟ್ಟು ತಂದು ಚಂಪಾಳಿಗೆ ಕೊಟ್ಟ, ಅತ್ತಿಗೆಯ ಮುಖ ನೋಡಲಿಲ್ಲ, ಬೆಳಿಗ್ಗೆಯಿಂದಲೂ ನೋಡಿಲ್ಲ, ಬೇಸರಕ್ಕೋ ಅಥವಾ — ಅವ್ವಾ ನೀನೇ ಹಿಡ್ಕ, ನಾ ಅವ್ರಿಗೆ ಹೇಳ್ಕಂಡು ಬತ್ತೆ, ಎಂದು ಚಂಪಾ ಎಲೆಯನ್ನು ತಾಯಿಯ ಅಂಗೈಗೆ ದಾಟಿಸಿ ಹೊರಗೆ ಓಡಿದಳು, ಆಸ್ಪತ್ರೆಗೆ ಫೋನ್ ಹಚ್ಚಿ, ನಾಳೆನೇ ಬತ್ತೇವೆ ಅಂತ ಹೇಳಿ, ಎಂದು ಗಂಡನಿಗೆ ಹೇಳುವ ದನಿಯಲ್ಲಿ ನಗು ಇತ್ತು, ಹದಿನೆಂಟು ದಿನದಲ್ಲಿ ಮೊದಲನೆಯದು. ಹೊನ್ನುವಿನ ಅಂಗೈಯಲ್ಲಿ ಎಲೆ, ಎಲೆಯ ಮೇಲೆ ಎಸಳು, ಬೆನ್ನು ಕೆಳಗಾಗಿ ಮಲಗಿದೆ. ಗಂಧ ಇದ್ದರೆ ಅಮ್ಮನವರ ಮಾತು, ಇಲ್ಲದಿದ್ದರೆ ಪುಂಡಲೀಕನ ಕೈ. ಒಂದು ಉಗುರು ಸಾಕು. ಬಾಗಿಲಿನಿಂದ ಗಾಳಿ ಬಂತು, ಎಸಳಿನ ಅಂಚು ಮೇಲೆದ್ದಿತು, ಇನ್ನೇನು ತಾನಾಗಿಯೇ ಮಗುಚಿಕೊಳ್ಳಬೇಕು, ಅಷ್ಟರಲ್ಲಿ ಹೊನ್ನು ಇನ್ನೊಂದು ಕೈಯನ್ನು ಅದರ ಮೇಲೆ ಮುಚ್ಚಿದಳು, ಎಸಳು, ಮಗುಚದ ಎಸಳು, ಎರಡು ಕೈಗಳ ನಡುವೆ ಉಳಿಯಿತು.